ತುಂಗೆಯಲ್ಲಿ ಈಜು ಕಲಿತವರಿಗೆ ತಣ್ಣೀರಿನ ಕಡಲು: ಶೆಲ್ಲಿ ಬೀಚಿನಲ್ಲಿ ದಡದಿಂದಲೇ ಡೈವ್

ಮುರ್ಡೇಶ್ವರದಲ್ಲಿ ಉಳಿದು, ನೇತ್ರಾಣಿ ದ್ವೀಪದಲ್ಲಿ ಓಪನ್ ವಾಟರ್ ಕೋರ್ಸ್, ಅಂದರೆ ಸಿಲಿಂಡರ್ ಕಟ್ಟಿಕೊಂಡು ಕಡಲೊಳಗೆ ಮುಳುಗುವ ಸ್ಕೂಬಾ ಡೈವಿಂಗಿನ ಮೊದಲ ತರಬೇತಿ, ಮುಗಿಸಿ ಬಂದವರು ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಈಗ ಅಲ್ಲಲ್ಲಿ ಸಿಗುತ್ತಾರೆ. ಮಗಳ ಮನೆಗೋ ತಮ್ಮನ ಮನೆಗೋ ಸಿಡ್ನಿಗೆ ಹೊರಟಾಗ ಅವರಿಗೆ ಬೇಕಾದದ್ದು ಒಂದೇ: ದೋಣಿ ಹತ್ತದೆ, ದಡದಿಂದಲೇ ಇಳಿದು ನೋಡಬಹುದಾದ ಒಂದು ಜಾಗ. ಅಂಥದ್ದು ಮ್ಯಾನ್ಲಿಯ ಪಕ್ಕದ ಶೆಲ್ಲಿ ಬೀಚ್. ಸುಲಭದ ಡೈವ್ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಆ ಸುಲಭ ನೀರಿನೊಳಗೆ ತಾನಾಗಿ ಸಿಗುವುದಿಲ್ಲ. ಅರ್ಧ ಡೈವ್ ಒಣ ನೆಲದ ಮೇಲೆಯೇ ಆಗಬೇಕು.

ನೇತ್ರಾಣಿಯ ನೀರು 27–29 ಡಿಗ್ರಿ. ಸಿಡ್ನಿಯಲ್ಲಿ ಬೇಸಿಗೆಯ ಕೊನೆಗೆ, ಅಂದರೆ ಫೆಬ್ರವರಿ–ಮಾರ್ಚಿನಲ್ಲಿ, 22–23 ಇರುತ್ತದೆ. ಆಗಸ್ಟ್–ಸೆಪ್ಟೆಂಬರಿನಲ್ಲಿ 16ರ ಆಸುಪಾಸಿಗೆ ಇಳಿಯುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖ ಎಳೆದುಕೊಳ್ಳುತ್ತದೆ. ಮಾಘದಲ್ಲಿ ಬೆಳಿಗ್ಗೆ ಹೊಳೆಗೆ ಮುಳುಗಿ ಎದ್ದು ಬಂದ ಧೈರ್ಯ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಎರಡು ನಿಮಿಷ, ಇಲ್ಲಿ ಮುಕ್ಕಾಲು ಗಂಟೆ.

ನಮ್ಮ ಏಪ್ರಿಲ್–ಮೇ ರಜೆ ಈ ಮಟ್ಟಿಗೆ ಒಳ್ಳೆಯ ಕಾಲ. ಅಲ್ಲಿ ಆಗ ಶರತ್ಕಾಲ, ಆದರೆ ಸಮುದ್ರ ನೆಲಕ್ಕಿಂತ ತಡವಾಗಿ ತಣಿಯುವುದರಿಂದ ನೀರು ಇನ್ನೂ 20–21ರಲ್ಲಿರುತ್ತದೆ. ಇಲ್ಲಿ ಆಗುಂಬೆಯಲ್ಲಿ ಮಳೆ ಹಿಡಿದು ಬಡಿಯುವ ಜುಲೈ–ಆಗಸ್ಟಿನಲ್ಲಿ ಅಲ್ಲಿ ಚಳಿಗಾಲ. ನೀರು ತಣ್ಣಗೆ, ಆದರೆ ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಪೋರ್ಟ್ ಜಾಕ್ಸನ್ ಶಾರ್ಕ್ ನೋಡಬೇಕೆಂದಿದ್ದರೆ ಆ ಚಳಿಯನ್ನು ಸಹಿಸಿಕೊಳ್ಳಲೇಬೇಕು.

ಊರಿನಲ್ಲೇ ಮಾಡಿಕೊಳ್ಳಬೇಕಾದ ಅಭ್ಯಾಸ

ಹೊರಡುವ ತಿಂಗಳ ಮುಂಚೆ ಬಚ್ಚಲುಮನೆಯಲ್ಲಿ ಒಂದು ಬಕೆಟ್ ಬಾವಿ ನೀರು ಇಟ್ಟುಕೊಳ್ಳಿ. ಮಾಸ್ಕ್ ಬೇಡ. ಉಸಿರಾಡುವ ಕೊಳವೆ ಸ್ನಾರ್ಕೆಲ್ ಬಾಯಿಗೆ ಕಚ್ಚಿ, ಮೂಗು ಮುಳುಗುವಂತೆ ಮುಖ ಅದ್ದಿ, ಬಾಯಿಂದಲೇ ಉಸಿರಾಡಿ. ಮೊದಲ ದಿನ ಹತ್ತು ಸೆಕೆಂಡಿಗೆ ತಲೆ ಎತ್ತುತ್ತೀರಿ. ಒಂದು ವಾರದಲ್ಲಿ ಎರಡು ನಿಮಿಷ ಆಗುತ್ತದೆ. ಮಾಸ್ಕಿನೊಳಗೆ ತಣ್ಣೀರು ನುಗ್ಗಿದಾಗ ಗಾಬರಿಯಾಗಿ ಮೇಲಕ್ಕೆ ಹಾರುವುದು ಹೊಸಬರ ದೊಡ್ಡ ತೊಂದರೆ. ಆ ಗಾಬರಿಗೆ ಮದ್ದು ಈ ಬಕೆಟ್ಟು.

ಸಿಲಿಂಡರ್, ಮುಳುಗಲೆಂದು ಮೈಗೆ ಕಟ್ಟುವ ಸೀಸದ ತೂಕ, ಗಾಳಿ ತುಂಬಿ ಬಿಟ್ಟು ತೇಲುವಿಕೆ ಹೊಂದಿಸಿಕೊಳ್ಳುವ ಜಾಕೆಟ್ಟಾದ ಬಿಸಿಡಿ ಸೇರಿದರೆ 25–30 ಕೆ.ಜಿ. ದೋಣಿಯಿಂದ ಡೈವ್ ಮಾಡುವಾಗ ಅದನ್ನು ಹೊತ್ತು ನಡೆಯುವ ಪ್ರಸಂಗವೇ ಬರುವುದಿಲ್ಲ, ದಡದ ಡೈವಿನಲ್ಲಿ ಬರುತ್ತದೆ. 20 ಲೀಟರ್ ನೀರಿನ ಕ್ಯಾನ್ ಹೊತ್ತು ಮೆಟ್ಟಿಲು ಹತ್ತಿ ಇಳಿದು ಮೊಣಕಾಲು ಹೇಗಿದೆ ನೋಡಿಕೊಳ್ಳಿ. ಈಜುಕೊಳದಲ್ಲಿ ಕಾಲಿಗೆ ಫಿನ್ (ಈಜುರೆಕ್ಕೆ) ಹಾಕಿ ನಿಲ್ಲದೆ 400 ಮೀಟರ್ ಹೋಗಲು ಬಂದರೆ ಸಾಕು. ತುಂಗೆಯ ಮಡುವಿನಲ್ಲೋ ಶರಾವತಿ ಹಿನ್ನೀರಿನಲ್ಲೋ ಅಭ್ಯಾಸಕ್ಕೆ ಇಳಿಯುವುದು ಬೇಡ. ಹಿನ್ನೀರಿನ ತಳದಲ್ಲಿ ಮುಳುಗಿದ ಮರದ ಬೊಡ್ಡೆಗಳಿವೆ, ಮೀನಿನ ಬಲೆಗಳಿವೆ.

ಹೊಸ ಮಾಸ್ಕ್ ಕೊಂಡಿದ್ದರೆ ಗಾಜಿನ ಒಳಬದಿಗೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ತಿಕ್ಕಿ ತೊಳೆಯಿರಿ. ಮೂರು ನಾಲ್ಕು ಸಲ ಮಾಡಿ. ಕಾರ್ಖಾನೆಯ ಸಿಲಿಕೋನ್ ಪೊರೆ ಹೋಗದಿದ್ದರೆ ಎಷ್ಟು ಉಗುಳು ಹಚ್ಚಿದರೂ ಮಂಜು ಕಟ್ಟುವುದು ತಪ್ಪದು. ದಪ್ಪ ಮೀಸೆಯವರು ಮೂಗಿನ ಕೆಳಗೆ ಒಂದು ಗೆರೆಯಷ್ಟು ಜಾಗ ಬೋಳಿಸಿದರೆ ನೀರು ಸೋರುವುದು ನಿಲ್ಲುತ್ತದೆ. ಮನಸ್ಸು ಒಪ್ಪದಿದ್ದರೆ ಆಗಾಗ ಮಾಸ್ಕ್ ಊದಿ ಖಾಲಿ ಮಾಡುತ್ತಿರಬೇಕು, ಅಷ್ಟೆ.

ನೆಗಡಿ ಇದ್ದರೆ ಇಳಿಯಲೇಬೇಡಿ. ಮಾತ್ರೆ ನುಂಗಿ ಇಳಿದರೆ ಕೆಳಗೆ ಹೋಗುವಾಗ ಕಿವಿ ತೆರೆದುಕೊಳ್ಳುತ್ತದೆ, ಮಾತ್ರೆಯ ಗುಣ ಇಳಿದ ಮೇಲೆ ಒಳಗೆ ಸಿಕ್ಕಿದ ಗಾಳಿ ಹೊರಬರುವುದಿಲ್ಲ. ಆಗ ಮೇಲೇರುವುದೇ ಯಾತನೆ.

ತೂಕದ ಲೆಕ್ಕ

ನೇತ್ರಾಣಿಯ ತೂಕವನ್ನೇ ಅಲ್ಲೂ ಕೇಳುವುದು ಎಲ್ಲರೂ ಮಾಡುವ ತಪ್ಪು. ವೆಟ್‌ಸೂಟಿನ ನಿಯೋಪ್ರೀನ್ ಎಂದರೆ ರಬ್ಬರಿನೊಳಗೆ ಹಿಡಿದಿಟ್ಟ ಗಾಳಿಗುಳ್ಳೆಗಳು. ದಪ್ಪ ಹೆಚ್ಚಿದಷ್ಟೂ ತೇಲುತ್ತದೆ. 65–70 ಕೆ.ಜಿ. ತೂಗುವವರಿಗೆ 3 ಮಿ.ಮೀ. ಸೂಟಿನಲ್ಲಿ 4–5 ಕೆ.ಜಿ. ಸಾಕಾಗಿದ್ದರೆ, 5 ಮಿ.ಮೀ.ಗೆ 6–7, ಟೋಪಿ ಸಹಿತ 7 ಮಿ.ಮೀ.ಗೆ 8–10 ಎಂದು ಹಿಡಿದು ಶುರುಮಾಡಿ. ಬೇಸಿಗೆ, ಶರತ್ತಿಗೆ 5, ಚಳಿಗಾಲಕ್ಕೆ 7. ಅಲ್ಲಿ ಕೈಗೆ ಬರುವುದು ಅಲ್ಯೂಮಿನಿಯಂ ಸಿಲಿಂಡರ್ ಬದಲು ಉಕ್ಕಿನದಾದರೆ ಸುಮಾರು 2 ಕೆ.ಜಿ. ಕಡಿಮೆ ಮಾಡಿ, ಏಕೆಂದರೆ ಅಲ್ಯೂಮಿನಿಯಂ ಖಾಲಿಯಾದಾಗ ತೇಲುತ್ತದೆ, ಉಕ್ಕು ಅಷ್ಟಾಗಿ ತೇಲುವುದಿಲ್ಲ.

ಅಂದಾಜು ಅಂದಾಜೇ. ಕುತ್ತಿಗೆ ಮಟ್ಟದ ನೀರಿನಲ್ಲಿ ಬಿಸಿಡಿ ಪೂರ್ತಿ ಖಾಲಿ ಮಾಡಿ, ಎದೆತುಂಬ ಉಸಿರು ಹಿಡಿದು, ಕಾಲು ಆಡಿಸದೆ ನಿಲ್ಲಿ. ನೀರು ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟರೆ ಮೆಲ್ಲಗೆ ಮುಳುಗಬೇಕು. ತುಂಬಿದ ಸಿಲಿಂಡರಿನಲ್ಲಿ ಇದನ್ನು ನೋಡಿದ್ದರೆ ಮೇಲೆ 2 ಕೆ.ಜಿ. ಸೇರಿಸಿ. 12 ಲೀಟರಿನ ಸಿಲಿಂಡರಿನ ಗಾಳಿಯೇ ಎರಡೂವರೆ–ಮೂರು ಕೆ.ಜಿ. ತೂಗುತ್ತದೆ, ಡೈವ್ ಮುಗಿಯುವ ಹೊತ್ತಿಗೆ ಅದರ ಬಹುಪಾಲು ಹೋಗಿರುತ್ತದೆ. ತೂಕ ಕಡಿಮೆ ಬಿದ್ದವರು ಹೋಗುವಾಗ ಸುಖವಾಗಿದ್ದು, ವಾಪಸು ಬರುವಾಗ ಮೂರು ಮೀಟರ್ ಆಳದಲ್ಲಿ ಬೆಂಡಿನಂತೆ ಮೇಲಕ್ಕೆ ಎದ್ದುಬಿಡುವುದು ಇದರಿಂದಲೇ. ಇನ್ನೊಂದು ಕಾರಣವೂ ಇದೆ. ಹತ್ತು ಮೀಟರ್ ಕೆಳಗೆ ಒತ್ತಡ ಇಮ್ಮಡಿಯಾಗಿ ಸೂಟಿನ ಗುಳ್ಳೆಗಳು ಹಿಂಡಿಹೋಗುತ್ತವೆ, ತೇಲುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನೀವು ಬಿಸಿಡಿಗೆ ಒಂದಿಷ್ಟು ಗಾಳಿ ತುಂಬುತ್ತೀರಿ. ಮೇಲೇರುವಾಗ ಸೂಟು ಮತ್ತೆ ಉಬ್ಬುತ್ತದೆ, ಬಿಸಿಡಿಯೂ ಉಬ್ಬುತ್ತದೆ. ದಪ್ಪ ಸೂಟಿನಲ್ಲಿ ಏರುವಾಗ ಎಡಗೈ ಗಾಳಿ ಬಿಡುವ ಗುಂಡಿಯ ಮೇಲೇ ಇರಲಿ.

ಸೂಟು ತೊಡುವಾಗ ಪಾದಕ್ಕೊಂದು ತೆಳ್ಳಗಿನ ಪ್ಲಾಸ್ಟಿಕ್ ಕೊಟ್ಟೆ ಸಿಕ್ಕಿಸಿ ತೂರಿಸಿದರೆ ಸಲೀಸಾಗಿ ಜಾರುತ್ತದೆ. ಉಗುರಿನಿಂದ ಎಳೆದರೆ ನಿಯೋಪ್ರೀನ್ ಹರಿಯುತ್ತದೆ, ಬಾಡಿಗೆ ಸೂಟಾದರೆ ದುಡ್ಡು ಕಟ್ಟಬೇಕು.

ದಡದಲ್ಲಿ ಹದಿನೈದು ನಿಮಿಷ

ಸಿಡ್ನಿಯ ಸರ್ಕ್ಯುಲರ್ ಕ್ವೇಯಿಂದ ಮ್ಯಾನ್ಲಿಗೆ ಫೆರ್ರಿ ಅರ್ಧ ಗಂಟೆ. ಅಲ್ಲಿಂದ ಸಮುದ್ರದಂಚಿನ ದಾರಿಯಲ್ಲಿ ಶೆಲ್ಲಿಗೆ ಇಪ್ಪತ್ತು ಇಪ್ಪತ್ತೈದು ನಿಮಿಷದ ನಡಿಗೆ. ಸಿಲಿಂಡರ್ ಹೊತ್ತು ಆ ನಡಿಗೆ ಆಗದ ಮಾತು, ಆದ್ದರಿಂದ ಕಾರು ಇರುವವರನ್ನು ಹೊಂದಿಸಿಕೊಳ್ಳಿ. ಬೀಚಿನ ಮೇಲ್ಗಡೆಯ ಪಾರ್ಕಿಂಗ್ ಚಿಕ್ಕದು, ಹಣ ಕಟ್ಟಬೇಕು, ಬೇಸಿಗೆಯ ಭಾನುವಾರ ತಡವಾದರೆ ಜಾಗ ಸಿಗದು. ಸಿಲಿಂಡರ್ ಬಾಡಿಗೆಗೆ ಕೋರ್ಸಿನ ಕಾರ್ಡ್ ತೋರಿಸಬೇಕು.

ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿದ್ದೂ ಶೆಲ್ಲಿ ಪಶ್ಚಿಮಕ್ಕೆ ಮುಖ ತಿರುಗಿಸಿ ಕೂತಿದೆ. ಬೆನ್ನಿಗೆ ಗುಡ್ಡದ ಮೂಗು ಇದೆ. ದಕ್ಷಿಣ, ಆಗ್ನೇಯದಿಂದ ಬರುವ ದೊಡ್ಡ ಅಲೆ ಆ ಮೂಗನ್ನು ಸುತ್ತಿ ಬರುವಷ್ಟರಲ್ಲಿ ಸೋತಿರುತ್ತದೆ. ಹಾಗಾಗಿ ಬೇರೆಡೆ ಸಮುದ್ರ ಕೆರಳಿದ ದಿನವೂ ಇಲ್ಲಿ ಇಳಿಯಬಹುದು. ಆದರೆ ಈಶಾನ್ಯದ ಗಾಳಿ ಜೋರಾಗಿದ್ದರೆ, ಅಥವಾ ಅಲೆಯೇ ಈಶಾನ್ಯದಿಂದ ಬರುತ್ತಿದ್ದರೆ, ಈ ಮರೆಯಿಂದ ಪ್ರಯೋಜನವಿಲ್ಲ. ಬೇಸಿಗೆಯಲ್ಲಿ ಆ ಗಾಳಿ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಏಳುತ್ತದೆ, ಬರುವಾಗ ನೀಲಿ ಬಾಟಲ್ ಎಂಬ ಕುಟುಕುವ ಜೀವಿಗಳನ್ನೂ ತಳ್ಳಿ ತರುತ್ತದೆ. ಬೆಳಿಗ್ಗೆಯೇ ಹೋಗಿ.

ಮುನ್ಸೂಚನೆ ನೋಡುವಾಗ ಅಲೆಯ ಎತ್ತರ ಮಾತ್ರ ನೋಡಬೇಡಿ, ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ನೋಡಿ. 8 ಸೆಕೆಂಡಿನ ಒಂದೂವರೆ ಮೀಟರ್ ಅಲೆಯೂ 14 ಸೆಕೆಂಡಿನ ಒಂದೂವರೆ ಮೀಟರ್ ಅಲೆಯೂ ಒಂದೇ ಅಲ್ಲ. ಎರಡನೆಯದು ಉದ್ದ, ಅದರ ತಳ್ಳು ಆಳಕ್ಕೂ ಮುಟ್ಟುತ್ತದೆ, ಗುಡ್ಡದ ಮೂಗನ್ನು ಸುತ್ತಿ ಒಳಕ್ಕೂ ಹೆಚ್ಚು ಬಾಗಿ ಬರುತ್ತದೆ.

ಬೀಚು ತಲುಪಿದ ಕೂಡಲೆ ಸೂಟು ಏರಿಸಬೇಡಿ. ಕೂತು ಹದಿನೈದು ನಿಮಿಷ ನೀರು ನೋಡಿ. ಅಲೆಗಳು ಗುಂಪಾಗಿ ಬರುತ್ತವೆ. ಹತ್ತು ನಿಮಿಷ ಸುಮ್ಮನಿದ್ದು ಆಮೇಲೆ ನಾಲ್ಕೈದು ದೊಡ್ಡವು ಒಟ್ಟಿಗೆ ಬರಬಹುದು. ಬಲಗಡೆಯ ಬಂಡೆಯ ಬುಡದಲ್ಲಿ ನೊರೆ ಎಷ್ಟು ಎತ್ತರಕ್ಕೆ ಹತ್ತುತ್ತದೆ, ಎಷ್ಟು ಕೆಳಕ್ಕೆ ಬಸಿಯುತ್ತದೆ ಗಮನಿಸಿ. ಆ ವ್ಯತ್ಯಾಸ ಒಂದು ಆಳಿನ ಎತ್ತರ ದಾಟಿದರೆ ಅವತ್ತು ಡೈವ್ ಬಿಟ್ಟು ಕಾಫಿ ಕುಡಿಯಿರಿ. ಬೆಳಿಗ್ಗೆ ಏಳರ ನಂತರ ಗುಲಾಬಿ ಟೋಪಿ ಹಾಕಿದ ಈಜುಗಾರರ ದಂಡು ಮ್ಯಾನ್ಲಿಯಿಂದ ಇಲ್ಲಿಗೆ ಈಜಿ ಬಂದು ಮರಳುತ್ತದೆ. ಅವರು ದಾಟಿದ ಮೇಲೆ ಇಳಿದರೆ ಎರಡೂ ಕಡೆಯವರಿಗೆ ಕ್ಷೇಮ. ತೇಲುಬುರುಡೆಗೆ ನೀಲಿ–ಬಿಳಿ ಡೈವ್ ಬಾವುಟ ಕಟ್ಟಿ ಎಳೆದುಕೊಂಡು ಹೋಗುವುದನ್ನು ಮರೆಯಬೇಡಿ.

ಇಳಿಯುವುದು

ಮರಳಿನ ಭಾಗದಿಂದಲೇ ಇಳಿಯಿರಿ. ಬಂಡೆಯ ಮೇಲಿಂದ ಹತ್ತಿರವಾಗುತ್ತದೆ ಎಂದು ಆಸೆಪಟ್ಟರೆ, ಮಳೆಗಾಲದಲ್ಲಿ ದಬ್ಬೆ ಹಾಸದ ಅಂಗಳದ ಮೇಲೆ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನಡೆದ ಹಾಗಾಗುತ್ತದೆ. ಆ ಪಾಚಿ ನಮ್ಮ ಹಾವಸೆಗಿಂತ ಏನೂ ಕಡಿಮೆ ಜಾರುವುದಿಲ್ಲ.

ಮಾಸ್ಕ್ ಮುಖದ ಮೇಲೆ, ಸಿಲಿಂಡರಿನ ಗಾಳಿ ಕೊಡುವ ರೆಗ್ಯುಲೇಟರ್ ಬಾಯಲ್ಲಿ, ಬಿಸಿಡಿಯಲ್ಲಿ ಅರ್ಧ ಗಾಳಿ, ಫಿನ್ ಕೈಯಲ್ಲಿ. ಸೊಂಟದ ಮಟ್ಟದ ನೀರಿನಲ್ಲಿ ಜೊತೆಗಾರರ ಭುಜ ಹಿಡಿದು ಒಬ್ಬೊಬ್ಬರಾಗಿ ಫಿನ್ ತೊಡಿ. ಫಿನ್ ತೊಟ್ಟ ಮೇಲೆ ಮುಂದಕ್ಕೆ ಹೆಜ್ಜೆ ಹಾಕಿದರೆ ತುದಿ ಮಡಚಿ ಮುಗ್ಗರಿಸುತ್ತೀರಿ. ಹಿಂದಕ್ಕೆ ನಡೆಯಿರಿ, ಅಥವಾ ಅಲ್ಲೇ ಮಲಗಿ ಈಜಿ. ಮರಳಿನಲ್ಲಿ ಪಾದ ಎತ್ತಿಡದೆ ಸವರಿಕೊಂಡು ಹೋಗಿ. ತೊರಕೆ ಮೀನು ಮರಳಲ್ಲಿ ಹುದುಗಿರುತ್ತದೆ, ಸವರಿದರೆ ತಾನೇ ಎದ್ದು ಹೋಗುತ್ತದೆ, ತುಳಿದರೆ ಬಾಲದ ಮುಳ್ಳು ಬೀಸುತ್ತದೆ.

ಮುಳುಗುವ ಮುಂಚೆ ಕಂಪಾಸ್ ಹಿಡಿದು, ಬಂಡೆಯಂಚು ಹೊರಕ್ಕೆ ಸಾಗುವ ದಿಕ್ಕಿನ ಅಂಕ ನೋಡಿ. ಅದಕ್ಕೆ 180 ಕೂಡಿಸಿದರೆ ಅಥವಾ ಕಳೆದರೆ ಮನೆಗೆ ಬರುವ ದಾರಿ. ಮೂರು ಮೀಟರ್ ಆಳದ ಮರಳಿನ ಮೇಲೆ ಮುಳುಗಿ. ಅರ್ಧ ಮೀಟರಿಗೊಮ್ಮೆ ಮೂಗು ಹಿಡಿದು ಮೆಲ್ಲಗೆ ಊದಿ. ಕಿವಿ ನೋಯಲು ಶುರುವಾದ ಮೇಲೆ ಜೋರಾಗಿ ಊದಬಾರದು. ಒಂದು ಮೀಟರ್ ಮೇಲೇರಿ ಮತ್ತೆ ನೋಡಿ.

ದಾರಿ ಕಷ್ಟದ್ದಲ್ಲ: ಹೋಗುವಾಗ ಬಂಡೆ ಬಲಗೈಗೆ, ಬರುವಾಗ ಎಡಗೈಗೆ. ಮೊದಲು ನಾಲ್ಕೈದು ಮೀಟರ್, ಆಮೇಲೆ ಏಳೆಂಟು, ಗುಡ್ಡದ ಮೂಗಿನ ತುದಿಯ ಹತ್ತಿರ ಹತ್ತು–ಹನ್ನೆರಡು. ತುದಿ ಸುತ್ತಿ ಆಚೆ ಹೋಗಬೇಡಿ. ಅಲ್ಲಿ ಮರೆ ಮುಗಿಯುತ್ತದೆ.

ಹೊಳೆಯಲ್ಲಿ ಈಜಿದವರಿಗೆ ಇಲ್ಲಿ ಒಂದು ವಿಷಯ ಹೊಸದು. ತುಂಗೆಯ ಸೆಳವು ಒಂದೇ ದಿಕ್ಕಿಗೆ ಎಳೆಯುತ್ತದೆ, ಅದರ ವಿರುದ್ಧ ಸೆಣಸಿ ನಮಗೆ ರೂಢಿ. ಅಲೆಯ ಕೆಳಗಿನ ನೀರು ಹಾಗಲ್ಲ, ತೊಟ್ಟಿಲಿನ ಹಾಗೆ ಮುಂದೆ ತಳ್ಳಿ ಹಿಂದೆ ಎಳೆಯುತ್ತದೆ. ಹಿಂದಕ್ಕೆ ಎಳೆಯುವಾಗ ಕಾಲು ಬಡಿದರೆ ಇದ್ದಲ್ಲೇ ಇದ್ದು ಗಾಳಿ ಸುಡುತ್ತೀರಿ. ಆಗ ಸುಮ್ಮನಿರಿ. ಮುಂದಕ್ಕೆ ತಳ್ಳುವಾಗ ಎರಡು ಉದ್ದದ ಒದೆತ ಕೊಡಿ, ಬಂಡೆಯಿಂದ ಎರಡು ಮೀಟರ್ ದೂರ ಉಳಿಸಿಕೊಳ್ಳಿ. ಕೆಲ್ಪ್ ಪಾಚಿಯೇ ಇದಕ್ಕೆ ಗಡಿಯಾರ: ಅದರ ಕಂದು ಎಲೆಗಳು ಗಾಳಿಗೆ ತೂಗುವ ಗದ್ದೆಯ ಪೈರಿನ ಹಾಗೆ ಒಟ್ಟಿಗೆ ಬಾಗುತ್ತವೆ, ಒಂದು ಗಳಿಗೆ ನಿಲ್ಲುತ್ತವೆ, ಆಮೇಲೆ ಆಚೆಗೆ ಬಾಗುತ್ತವೆ. ಅವು ತಿರುಗುವುದನ್ನು ನೋಡಿ ಕಾಲು ಆಡಿಸಿ.

ನೋಡುವುದು

ಈ ಕೊಲ್ಲಿ 2002ರಿಂದ ಸಂರಕ್ಷಿತ. ಕ್ಯಾಬೇಜ್ ಟ್ರೀ ಬೇ ಎಂದು ಹೆಸರು. ಮೀನು ಹಿಡಿಯುವಂತಿಲ್ಲ, ಖಾಲಿ ಚಿಪ್ಪು ಕೂಡ ಎತ್ತುವಂತಿಲ್ಲ. ಶೃಂಗೇರಿಯ ಮಠದ ಮೆಟ್ಟಿಲ ಬಳಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ ಮೀನು ಮನುಷ್ಯರಿಗೆ ಹೆದರದೆ ಬರುವುದನ್ನು ಕಂಡವರಿಗೆ ಇಲ್ಲಿನ ಮೀನುಗಳ ಸಲಿಗೆ ಅರ್ಥವಾಗುತ್ತದೆ. ಮಂಡಕ್ಕಿ ಹಾಕುವ ರೂಢಿ ಮಾತ್ರ ಊರಲ್ಲೇ ಬಿಟ್ಟು ಬನ್ನಿ.

ಮೊದಲು ಮೈಮೇಲೆ ಬರುವುದು ಬ್ಲೂ ಗ್ರೋಪರ್, 1998ರಿಂದ ನ್ಯೂ ಸೌತ್ ವೇಲ್ಸ್ ರಾಜ್ಯದ ಮೀನು. ಒಂದು ಮೀಟರಿನಷ್ಟು ಬೆಳೆಯುತ್ತದೆ. ಕಡುನೀಲಿಯದು ಗಂಡು, ಕಂದು ಬಣ್ಣದ್ದು ಹೆಣ್ಣು. ಎಲ್ಲವೂ ಮೊದಲು ಹೆಣ್ಣಾಗಿಯೇ ಬೆಳೆಯುತ್ತವೆ, ಕೆಲವು ಮಾತ್ರ ಮುಂದೆ ಗಂಡಾಗಿ ನೀಲಿಗೆ ತಿರುಗುತ್ತವೆ. ಹತ್ತಿರ ಬಂದಾಗ ದಪ್ಪ ತುಟಿಯ ಒಳಗಿನ ಗೂಟದಂಥ ಹಲ್ಲು ನೋಡಿ: ಸೀ ಅರ್ಚಿನ್ ಎಂಬ ಮುಳ್ಳುಚೆಂಡಿನಂಥ ಜೀವಿ‌ಗಳನ್ನು ಮುಳ್ಳು ಸಮೇತ ಒಡೆದು ತಿನ್ನುವ ಹಲ್ಲು ಅದು. ಯಾರಾದರೂ ಕಲ್ಲು ಮಗುಚಿ ಅದಕ್ಕೊಂದು ಅರ್ಚಿನ್ ಒಡೆದು ಕೊಡಬಹುದು ಎಂದು ನಾಯಿಯ ಹಾಗೆ ಹಿಂಬಾಲಿಸುತ್ತದೆ. ಕೊಡಬೇಡಿ.

ಕಪ್ಪೆ ಬೊಂಡಾಸ್ ಎಂಬ ಮೆದುಮೈಯ ಕಡಲಜೀವಿಯನ್ನು ಮೀನಂಗಡಿಯ ಬುಟ್ಟಿಯಲ್ಲಿ ನೋಡಿದ್ದೀರಿ. ಅದರ ದೊಡ್ಡಣ್ಣ ಜೈಂಟ್ ಕಟಲ್‌ಫಿಶ್ ಇಲ್ಲಿನ ಬಂಡೆಯ ಸೂರಿನ ಕೆಳಗೆ ಸಿಗುತ್ತದೆ. ಬೆನ್ನಟ್ಟಿದರೆ ಓಡುತ್ತದೆ. ಎರಡು ಮೀಟರ್ ದೂರದಲ್ಲಿ ಅಲುಗಾಡದೆ, ಉಸಿರು ನಿಧಾನಿಸಿ, ತಳಕ್ಕೆ ಹತ್ತಿರ ಇದ್ದರೆ ಅದೇ ನಿಮ್ಮ ಕಡೆ ತಿರುಗುತ್ತದೆ. ಕಣ್ಣಿನ ಪಾಪೆ ದುಂಡಗಿರುವುದಿಲ್ಲ, ಸೊಟ್ಟಗೆ ಮಡಚಿದ ಗೆರೆಯಂತಿರುತ್ತದೆ. ಮೈಮೇಲೆ ಕಂದು ಪಟ್ಟೆ ಹರಿದು ಹೋಗುತ್ತದೆ, ನಯವಾಗಿದ್ದ ಚರ್ಮ ಚಣದಲ್ಲಿ ಪಾಚಿಯಂತೆ ಮುಳ್ಳುಮುಳ್ಳಾಗಿ ಏಳುತ್ತದೆ. ಎರಡು ತೋಳು ಮೇಲಕ್ಕೆತ್ತಿದರೆ ಸಾಕಾಯಿತು ಎಂದು ಅರ್ಥ, ಹಿಂದೆ ಸರಿಯಿರಿ.

ಬಂಡೆಯ ಬುಡದಲ್ಲಿ ಹಳೆಯ ಜಮಖಾನದ ತುಂಡು ಬಿದ್ದ ಹಾಗೆ ಕಂಡರೆ ಅದು ವೊಬ್ಬೆಗಾಂಗ್ ಶಾರ್ಕ್. ಮೂತಿಯ ಸುತ್ತ ಕುಚ್ಚು ಇರುತ್ತದೆ. ತಾನಾಗಿ ಬರುವುದಿಲ್ಲ, ಆದರೆ ಬಾಲ ಮುಟ್ಟಿದರೆ ಮೈ ತಿರುಚಿ ಕಚ್ಚುತ್ತದೆ, ಕಚ್ಚಿದ್ದನ್ನು ಸುಲಭಕ್ಕೆ ಬಿಡುವುದಿಲ್ಲ. ಬಂಡೆ ಹಿಡಿದು ನಿಲ್ಲುವ ಚಾಳಿ ಇದ್ದವರು ಕೈ ಇಡುವ ಮುಂಚೆ ನೋಡುವುದು ಒಳ್ಳೆಯದು; ಬಂಡೆಯ ಬಣ್ಣವೇ ಇರುವ, ವಿಷದ ಮುಳ್ಳಿನ ರಾಕ್ ಕಾಡ್ ಕೂಡ ಅಲ್ಲೇ ಕೂತಿರುತ್ತದೆ. ಬೇಸಿಗೆ, ಶರತ್ತಿನಲ್ಲಿ ಡಸ್ಕಿ ವೇಲರ್ ಶಾರ್ಕಿನ ಮರಿಗಳು, ಒಂದು ಮೀಟರಿನ ಆಸುಪಾಸಿನವು, ಮರಳಿನ ಮೇಲೆ ಸುತ್ತು ಹಾಕುತ್ತವೆ. ಅವು ನಿಮ್ಮಿಂದ ದೂರವೇ ಇರುತ್ತವೆ. ಚಳಿಗಾಲದಲ್ಲಿ ಮೊಟ್ಟೆ ಇಡಲು ಬರುವ ಪೋರ್ಟ್ ಜಾಕ್ಸನ್ ಶಾರ್ಕಿನ ಮೊಟ್ಟೆ ಕಂದು ಬಣ್ಣದ ಸ್ಕ್ರೂ ಆಕಾರದ್ದು, ಬಂಡೆಯ ಸಂದಿನಲ್ಲಿ ತಿರುಚಿ ಸಿಕ್ಕಿಸಿದಂತೆ ಇರುತ್ತದೆ. ಹೊರಗೆ ಎಳೆಯಬೇಡಿ.

ಖಾಲಿ ಬಾಟಲಿ, ಡಬ್ಬಿ, ಚಿಪ್ಪು ಕೈಗೆತ್ತಿಕೊಳ್ಳಬೇಡಿ ಎನ್ನುವುದಕ್ಕೆ ಕಾನೂನಿಗಿಂತ ದೊಡ್ಡ ಕಾರಣ ನೀಲಿ ಉಂಗುರದ ಆಕ್ಟೋಪಸ್. ಗಾಲ್ಫ್ ಚೆಂಡಿನಷ್ಟೇ ಇದ್ದು ಅಂಥ ಜಾಗದಲ್ಲೇ ಅಡಗಿರುತ್ತದೆ. ಕಡಿದರೆ ನೋವು ಕೂಡ ತಿಳಿಯದಿರಬಹುದು, ಆದರೆ ಅದರ ವಿಷ ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸುತ್ತದೆ, ಮದ್ದಿಲ್ಲ. ಆಸ್ಪತ್ರೆ ತಲುಪುವ ತನಕ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಿರಬೇಕು. ತುರ್ತು ಸಂಖ್ಯೆ 000. ನೀಲಿ ಬಾಟಲ್ ಕುಟುಕಿದರೆ ಎಳೆಗಳನ್ನು ಕಿತ್ತು, ಸಮುದ್ರದ ನೀರಲ್ಲಿ ತೊಳೆದು, ತಡೆದುಕೊಳ್ಳುವಷ್ಟು ಬಿಸಿಯ, ಅಂದರೆ 45 ಡಿಗ್ರಿಯ ನೀರು 20 ನಿಮಿಷ. ಅದಕ್ಕೆ ವಿನೆಗರ್ ಬೇಡ.

ಗಾಳಿ, ಮರಳುವಿಕೆ

12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡ ಎಂದರೆ 2400 ಲೀಟರ್ ಗಾಳಿ. 50 ಬಾರ್ ಮೀಸಲು ತೆಗೆದರೆ 1800. ನೆಲದ ಮೇಲೆ ನಿಮಿಷಕ್ಕೆ 18 ಲೀಟರ್ ಉಸಿರಾಡುವವರು ಹತ್ತು ಮೀಟರಿನಲ್ಲಿ 36 ಬಳಸುತ್ತಾರೆ, 50 ನಿಮಿಷ ಬರುತ್ತದೆ. ಚಳಿಗೆ ನಡುಗಿ, ಅಲೆಯ ಜೊತೆ ಗುದ್ದಾಡಿ 25 ಲೀಟರಿಗೆ ಏರಿದರೆ 36 ನಿಮಿಷಕ್ಕೇ ಮುಗಿಯಿತು. ಇಬ್ಬರಲ್ಲಿ ಯಾರದ್ದು ಮೊದಲು 130 ಬಾರ್ ಮುಟ್ಟುತ್ತದೋ ಆಗ ಇಬ್ಬರೂ ತಿರುಗಿ. ದೋಣಿಯ ಡೈವಿನಲ್ಲಿ ಎಲ್ಲಿ ಎದ್ದರೂ ದೋಣಿ ಬರುತ್ತದೆ. ಇಲ್ಲಿ ಹೊರಟಲ್ಲಿಗೇ ನೀವೇ ಬರಬೇಕು. ಜೊತೆಗಾರ ಕಾಣದಾದರೆ ಒಂದು ನಿಮಿಷ ಸುತ್ತ ಹುಡುಕಿ, ಆಮೇಲೆ ಮೇಲೆ ಬಂದು ಸೇರಿ. ಏರುವ ವೇಗ ನಿಮಿಷಕ್ಕೆ 9 ಮೀಟರ್ ದಾಟಬಾರದು. ವಾಪಸಾಗುವಾಗ ತಳವೇ ಐದು ಮೀಟರಿಗೆ ಏರಿ ಬರುವುದರಿಂದ ಮೇಲೇರುವ ಮುಂಚಿನ ಮೂರು ನಿಮಿಷದ ಸುರಕ್ಷತಾ ನಿಲುಗಡೆ ಮೀನು ನೋಡುತ್ತಲೇ ಆಗಿಹೋಗುತ್ತದೆ.

ಮೊಣಕಾಲು ಮಟ್ಟದ ನೀರಿಗೆ ಬಂದ ಮೇಲೂ ರೆಗ್ಯುಲೇಟರ್ ಬಾಯಲ್ಲೇ, ಮಾಸ್ಕ್ ಮುಖದ ಮೇಲೇ ಇರಲಿ. ಹೆಚ್ಚಿನವರು ಬೀಳುವುದು ಇಲ್ಲಿಯೇ: ಮುಗಿಯಿತು ಎಂದು ಮಾಸ್ಕ್ ಹಣೆಗೇರಿಸಿ, ಅಲೆಗೆ ಬೆನ್ನು ಕೊಟ್ಟು, ಫಿನ್ ತೆಗೆಯಲು ಬಗ್ಗಿದಾಗ. ಅಲೆ ಜೋರಿದ್ದರೆ ಫಿನ್ ಸಮೇತ ಮಂಡಿಯೂರಿ ಮರಳಿನ ಮೇಲೆ ತೆವಳಿ ಬನ್ನಿ. ನೋಡಲು ಚೆಂದ ಇಲ್ಲ, ಹಲ್ಲು ಉಳಿಯುತ್ತದೆ.

ಅದೇ ಮಧ್ಯಾಹ್ನ ನೆಂಟರು ಬ್ಲೂ ಮೌಂಟನ್ಸ್ ತೋರಿಸುತ್ತೇವೆ ಎಂದು ಕಾರು ಹತ್ತಿಸಿದರೆ ಒಪ್ಪಬೇಡಿ. ಅಲ್ಲಿನ ಊರು ಕಟೂಂಬಾ ಸಾವಿರ ಮೀಟರ್ ಎತ್ತರದಲ್ಲಿದೆ. ಮೈಯಲ್ಲಿ ಕರಗಿದ ನೈಟ್ರೋಜನ್ ಇನ್ನೂ ಹೊರಹೋಗಿರುವುದಿಲ್ಲ. ಬೆಟ್ಟದ ಮೇಲೆ ಗಾಳಿಯ ಒತ್ತಡ ಕಡಿಮೆಯಾದರೆ ಸೋಡಾ ಬಾಟಲಿ ತೆರೆದಂತೆ ಗುಳ್ಳೆಯೇಳುತ್ತದೆ. ಒಂದೇ ಡೈವ್ ಆಗಿದ್ದರೆ 12 ಗಂಟೆ, ಒಂದಕ್ಕಿಂತ ಹೆಚ್ಚು ಅಥವಾ ಹಲವು ದಿನದ ಡೈವ್ ಆಗಿದ್ದರೆ 18 ಗಂಟೆ ಕಳೆಯದೆ ವಿಮಾನವೂ ಬೇಡ, ಬೆಟ್ಟವೂ ಬೇಡ. ನೇತ್ರಾಣಿಯಲ್ಲಿ ಮುಳುಗಿ ಅದೇ ಸಂಜೆ ಘಾಟಿ ಹತ್ತುವವರಿಗೂ ಈ ಮಾತು ಸಲ್ಲುತ್ತದೆ. ಸಾಗರ, ಶಿವಮೊಗ್ಗ ಆರುನೂರು ಮೀಟರಿನ ಆಸುಪಾಸಿನಲ್ಲಿವೆ, ಕೊಡಚಾದ್ರಿ 1343 ಮೀಟರ್. ಆ ರಾತ್ರಿ ಮುರ್ಡೇಶ್ವರದಲ್ಲೇ ಮಲಗಿ, ಬೆಳಿಗ್ಗೆ ಹೊರಡಿ.

ಸ್ವಂತ ಸೂಟು, ಮಾಸ್ಕ್, ಫಿನ್ ಕೊಂಡು ಊರಿಗೆ ತಂದವರಿಗೆ ಉಪ್ಪಿಗಿಂತ ದೊಡ್ಡ ಶತ್ರು ಮಲೆನಾಡಿನ ಬೂಷ್ಟು. ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಒಳಗನ್ನು ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಿ, ಆಮೇಲೆ ಹೊರಗಿನ ಬದಿ. ಬಿಸಿಲಿಗೆ ಹಾಕಿದರೆ ರಬ್ಬರ್ ಬಿರುಕು ಬಿಡುತ್ತದೆ; ಬೇಗ ಒಣಗಲೆಂದು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದರೆ ಹೊಗೆಯ ವಾಸನೆ ಜನ್ಮಕ್ಕೆ ಹೋಗುವುದಿಲ್ಲ, ಶಾಖಕ್ಕೆ ಗುಳ್ಳೆಗಳೂ ಕುಗ್ಗುತ್ತವೆ. ಜಿಪ್ಪಿಗೆ ಮೇಣದಬತ್ತಿ ಉಜ್ಜಿ, ಅಗಲ ಭುಜದ ಹ್ಯಾಂಗರಿಗೆ ತೂಗುಹಾಕಿ. ಫಿನ್‌ಗಳನ್ನು ತುದಿ ಕೆಳಗೆ ಮಾಡಿ ಗೋಡೆಗೆ ಒರಗಿಸಬೇಡಿ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿ ಕೂತಿರುತ್ತವೆ.